ಏರ್ ಕಾರ್ಗೋ: ಹಾರಾಟ ಮೂರು ಗಂಟೆ, ಕಾಯುವುದು ಎರಡು ದಿನ

ಲಾಜಿಸ್ಟಿಕ್ಸ್ ಪೇಪರ್ ಓದುತ್ತಿರುವ ಗೆಳೆಯರಿಗಾಗಿ ಈ ಟಿಪ್ಪಣಿ. ಏರ್ ಕಾರ್ಗೋ ಅಂದ ಕೂಡಲೇ ನಾವು ವಿಮಾನದ ಬಗ್ಗೆ ಯೋಚಿಸುತ್ತೇವೆ, ಅಲ್ವಾ? ಆದರೆ ಈ ಉದ್ಯಮದ ಕಷ್ಟ ಜಾಸ್ತಿ ಇರುವುದು ನೆಲದ ಮೇಲೆ. ಇದೊಂದನ್ನು ಹಿಡಿದುಕೊಂಡು ಓದಿ, ಪಾಠ ಹಗುರಾಗುತ್ತದೆ.

ನನಗೆ ಇದು ಅರ್ಥವಾದದ್ದು ನಮ್ಮ ಭಾವನ ಮಾವಿನ ಹಣ್ಣಿನಿಂದ. ಅಂಕೋಲೆಯ ಕರಿ ಇಶಾಡ ಗೊತ್ತಲ್ಲ, 2023ರಲ್ಲಿ ಜಿಐ ಟ್ಯಾಗ್ (ಊರಿನ ಹೆಸರಿನ ಮಾನ್ಯತೆ) ಸಿಕ್ಕಿದ್ದು. ರುಚಿಗೆ ಎರಡು ಮಾತಿಲ್ಲ, ಆದರೆ ಸಿಪ್ಪೆ ತೆಳು, ಹಣ್ಣಾದ ಮೇಲೆ ಹೆಚ್ಚು ದಿನ ನಿಲ್ಲುವುದಿಲ್ಲ. ಭಾವ ದುಬೈಗೆ ಒಂದಷ್ಟು ಪೆಟ್ಟಿಗೆ ಕಳಿಸಿದರು. ಪೆಟ್ಟಿಗೆಗಳು ಸಂಜೆಯೇ ವಿಮಾನ ನಿಲ್ದಾಣ ಮುಟ್ಟಿದವು. ಕಾಗದದಲ್ಲಿ ಬರೆದ ಪೆಟ್ಟಿಗೆಗಳ ಸಂಖ್ಯೆಗೂ ಗೋಡೌನಿನಲ್ಲಿ ಎಣಿಸಿದ್ದಕ್ಕೂ ತಾಳೆಯಾಗಲಿಲ್ಲ. ಅದನ್ನು ಸರಿಮಾಡಿ, ಕಸ್ಟಮ್ಸ್‌ಗೆ ಮತ್ತೆ ತೋರಿಸಿ, ಮುಂದಿನ ವಿಮಾನದಲ್ಲಿ ಜಾಗ ಹುಡುಕುವಷ್ಟರಲ್ಲಿ ಎರಡು ದಿನ ಕಳೆಯಿತು. ಹಾರಾಟ ಮೂರು ಗಂಟೆಯದು. ಹಣ್ಣು ಅರ್ಧ ಕೊಳೆತು ತಲುಪಿತು. ಭಾವನಿಗೆ ಆದ ಬೇಸರ ನಾನು ಕಣ್ಣಾರೆ ಕಂಡಿದ್ದೇನೆ.

ಪರೀಕ್ಷೆಗೆ ಬೇಕಾದ ಅಂಕಿ ಇದು: ಜಗತ್ತಿನ ವ್ಯಾಪಾರದ ಸರಕಿನಲ್ಲಿ ಪ್ರಮಾಣದ ಲೆಕ್ಕದಲ್ಲಿ ವಿಮಾನದಲ್ಲಿ ಹೋಗುವುದು ಶೇ 1ಕ್ಕಿಂತ ಕಡಿಮೆ, ಬೆಲೆಯ ಲೆಕ್ಕದಲ್ಲಿ ಮಾತ್ರ ಸುಮಾರು ಶೇ 35. ಔಷಧ, ಮೊಬೈಲ್, ಹೂವು, ತಾಜಾ ಮೀನು. ಅಂದರೆ ದುಬಾರಿಯಾದದ್ದು, ಇಲ್ಲವೇ ಬೇಗ ಕೆಡುವಂಥದ್ದು.

ಬಾಡಿಗೆ ಲೆಕ್ಕವನ್ನು ಚೆನ್ನಾಗಿ ಕಲಿಯಿರಿ. ವಿಮಾನದಲ್ಲಿ ತೂಕ ಎಷ್ಟು ಮುಖ್ಯವೋ ಜಾಗವೂ ಅಷ್ಟೇ ಮುಖ್ಯ. ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 6000ದಿಂದ ಭಾಗಿಸಿ. ಅದು ಗಾತ್ರದ ತೂಕ. ಅದಕ್ಕೂ ತಕ್ಕಡಿ ತೂಕಕ್ಕೂ ಯಾವುದು ಜಾಸ್ತಿಯೋ ಅದಕ್ಕೆ ಬಾಡಿಗೆ. ಶಿರಸಿಯ ಹಲಸಿನ ಹಪ್ಪಳದ ಪೆಟ್ಟಿಗೆ 60×40×40 ಇದೆ ಅಂದುಕೊಳ್ಳಿ, ತೂಕ 7 ಕೆಜಿ. ಗಾತ್ರದ ತೂಕ 16, ಆದ್ದರಿಂದ 16ಕ್ಕೆ ದುಡ್ಡು. ಕಾಳುಮೆಣಸಿನ ಪೆಟ್ಟಿಗೆ 40×40×30, ತೂಕ 25 ಕೆಜಿ, ಗಾತ್ರದ ತೂಕ 8. ಇದಕ್ಕೆ 25. ಬೇರೆ ಬೇರೆ ಕಳಿಸಿದರೆ ಒಟ್ಟು 41. ಎರಡನ್ನೂ ಒಂದೇ ಬಿಲ್ಲಿನಲ್ಲಿ ಸೇರಿಸಿದರೆ ತಕ್ಕಡಿ ತೂಕ 32, ಗಾತ್ರದ್ದು 24, ದುಡ್ಡು 32ಕ್ಕೆ ಮಾತ್ರ. ನಮ್ಮ ಸರಕು ಪಡೆದು ವಿಮಾನ ಕಂಪನಿಗೆ ಒಪ್ಪಿಸುವ ಮಧ್ಯವರ್ತಿಯೇ ಫಾರ್ವರ್ಡರ್. ನಮ್ಮಿಂದ 41ಕ್ಕೆ ದುಡ್ಡು ಪಡೆದು ಕಂಪನಿಗೆ 32ಕ್ಕೆ ಕೊಡುತ್ತಾನೆ. ಉಳಿದ ಆ 9 ಕೆಜಿಯೇ ಫಾರ್ವರ್ಡರ್‌ನ ಗಳಿಕೆ. ಹಲವರ ಸರಕು ಸೇರಿಸಿ ವಿಮಾನ ಕಂಪನಿಯಿಂದ ಒಂದು ಮಾಸ್ಟರ್ ಏರ್‌ವೇ ಬಿಲ್ (ವಿಮಾನ ಸಾಗಣೆಯ ಕರಾರು ಕಾಗದ) ತೆಗೆದುಕೊಳ್ಳುತ್ತಾನೆ, ನಮಗೆ ಒಬ್ಬೊಬ್ಬರಿಗೂ ಹೌಸ್ ಏರ್‌ವೇ ಬಿಲ್ ಕೊಡುತ್ತಾನೆ. ಕಾರವಾರ ಬಂದರಿನ ಹಡಗಿನ ಬಿಲ್ ಆಫ್ ಲೇಡಿಂಗ್ ಜತೆ ಇದನ್ನು ಗೊಂದಲ ಮಾಡಿಕೊಳ್ಳಬೇಡಿ. ಅದು ಸರಕಿನ ಹಕ್ಕುಪತ್ರವೂ ಹೌದು, ಕೈ ಬದಲಿಸಬಹುದು. ಏರ್‌ವೇ ಬಿಲ್ ಹಾಗಲ್ಲ.

ಜಗತ್ತಿನ ಏರ್ ಕಾರ್ಗೋದಲ್ಲಿ ಸುಮಾರು ಅರ್ಧ ಹೋಗುವುದು ಪ್ರಯಾಣಿಕರ ವಿಮಾನದ ಹೊಟ್ಟೆಯಲ್ಲಿ. ಇದನ್ನೇ ಬೆಲ್ಲಿ ಕಾರ್ಗೋ ಅನ್ನುವುದು. 2020ರ ಮಾರ್ಚ್‌ನಲ್ಲಿ ಪ್ರಯಾಣಿಕರ ವಿಮಾನಗಳು ನಿಂತಾಗ ಆ ಜಾಗವೂ ಮಾಯವಾಯಿತು, ಬಾಡಿಗೆ ಗಗನಕ್ಕೇರಿತು, ಕಡೆಗೆ ಸೀಟುಗಳ ಮೇಲೇ ಮಾಸ್ಕ್, ಪಿಪಿಇ ಕಿಟ್ ಕಟ್ಟಿ ಹಾರಿಸಿದರು. ಹಳೆಯ ಪ್ರಯಾಣಿಕರ ವಿಮಾನಗಳನ್ನು ಸರಕಿಗೆ ಬದಲಾಯಿಸುವ ಕೆಲಸಕ್ಕೂ ಆಗ ಬೇಡಿಕೆ ಏರಿತು.

ಇನ್ನು ಕಾಗದ. ಏರ್‌ವೇ ಬಿಲ್ ಎಲೆಕ್ಟ್ರಾನಿಕ್ ರೂಪದಲ್ಲಿರಲು ವಿಮಾನ ಸಾಗಣೆಯ ಹೊಣೆ ಕುರಿತ 1999ರ ಅಂತರರಾಷ್ಟ್ರೀಯ ಮಾಂಟ್ರಿಯಲ್ ಒಪ್ಪಂದವೇ ಅವಕಾಶ ಕೊಟ್ಟಿತ್ತು. ಆದರೂ ಇ-ಏರ್‌ವೇ ಬಿಲ್ ಮಾಮೂಲು ಕ್ರಮವಾದದ್ದು 2019ರ ಜನವರಿಯಿಂದ, ಅದೂ ಆ ಒಪ್ಪಂದ ಜಾರಿಯಲ್ಲಿರುವ ಮಾರ್ಗಗಳಲ್ಲಿ. ಇಪ್ಪತ್ತು ವರ್ಷ! ಒಂದು ಸರಕಿಗೆ ಫಾರ್ವರ್ಡರ್, ಕಸ್ಟಮ್ಸ್, ಗೋಡೌನು, ವಿಮಾನ ಕಂಪನಿ ಎಲ್ಲರೂ ಒಪ್ಪಬೇಕು. ಒಬ್ಬರು ಕಾಗದ ಕೇಳಿದರೂ ಎಲ್ಲರಿಗೂ ಕಾಗದವೇ ಗತಿ. ನನ್ನ ಮಟ್ಟಿಗೆ ಈ ಉದ್ಯಮದ ದೊಡ್ಡ ಸವಾಲು ಇದೇ.

ಸರಕು ಹಾಳಾದರೆ, ತಡವಾದರೆ ಸಿಗುವ ನಷ್ಟ ಪರಿಹಾರದ ಪ್ರಶ್ನೆಯೂ ಮಾಂಟ್ರಿಯಲ್ ಒಪ್ಪಂದದ್ದೇ. ಮಿತಿ ಕೆಜಿಗೆ 22 ಎಸ್‌ಡಿಆರ್ (ಐಎಂಎಫ್‌ನ ಲೆಕ್ಕದ ಹಣ) ಇದ್ದದ್ದು 2024ರ ಡಿಸೆಂಬರ್ 28ರಿಂದ 26 ಆಯಿತು. ಸರಕು ಹಾಳಾಗಿದ್ದರೆ 14 ದಿನದೊಳಗೆ, ತಡವಾಗಿದ್ದರೆ 21 ದಿನದೊಳಗೆ ಲಿಖಿತ ದೂರು ಕೊಡಬೇಕು.

ಲಿಥಿಯಂ ಬ್ಯಾಟರಿ ಇನ್ನೊಂದು ತಲೆನೋವು. 2010ರ ಸೆಪ್ಟೆಂಬರ್ 3ರಂದು ದುಬೈನಲ್ಲಿ ಯುಪಿಎಸ್ ಎಂಬ ಕೊರಿಯರ್ ಕಂಪನಿಯ ಸರಕು ವಿಮಾನಕ್ಕೆ ಬೆಂಕಿ ಬಿದ್ದು ಇಬ್ಬರೂ ಪೈಲಟ್‌ಗಳು ತೀರಿಕೊಂಡರು. ಅದರಲ್ಲಿ ಬ್ಯಾಟರಿಗಳೂ ಇದ್ದವು. ಉಪಕರಣದ ಜತೆಗಿಲ್ಲದ, ಬಿಡಿಯಾದ ಲಿಥಿಯಂ ಅಯಾನ್ ಬ್ಯಾಟರಿಯನ್ನು ಪ್ರಯಾಣಿಕರ ವಿಮಾನದಲ್ಲಿ ಸರಕಾಗಿ ಒಯ್ಯುವುದಕ್ಕೆ 2016ರ ಏಪ್ರಿಲ್ 1ರಿಂದ ನಿಷೇಧ ಬಂತು.

ಈಚಿನ ಬದಲಾವಣೆ ಆನ್‌ಲೈನ್ ಖರೀದಿಯದು. ಚೀನಾದಿಂದ ಅಮೆರಿಕಕ್ಕೆ ಸಣ್ಣ ಪೊಟ್ಟಣಗಳು ವಿಮಾನ ತುಂಬಿ ಹೋಗುತ್ತಿದ್ದವು, 800 ಡಾಲರ್‌ವರೆಗೆ ಸುಂಕ ಇರಲಿಲ್ಲ. ಆ ವಿನಾಯಿತಿ ಚೀನಾದ ಸರಕಿಗೆ 2025ರ ಮೇ 2ರಂದು, ಉಳಿದ ದೇಶಗಳಿಗೆ ಆಗಸ್ಟ್ 29ರಂದು ನಿಂತಿತು.

ಕಡೆಯದಾಗಿ ನಮ್ಮ ಉತ್ತರ ಕನ್ನಡ ಜಿಲ್ಲೆಯ ಮಾತು. ನಮ್ಮ ಸರಕು ಗೋವಾಕ್ಕೋ ಹುಬ್ಬಳ್ಳಿಗೋ ಮಂಗಳೂರಿಗೋ ಹೋಗಿಯೇ ವಿಮಾನ ಹತ್ತಬೇಕು. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತು. ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೆ ಸೇತುವೆ ಬಿದ್ದಿತು. ದಾರಿ ತಡವಾಗುವ ಇಂಥ ಸಮಯದಲ್ಲಿ ಕಾರವಾರದ ಬೈತಖೋಲ ಬಂದರಿನ ಮೀನಿಗೆ ಐಸ್ ಜಾಸ್ತಿ ಹಾಕಬೇಕು, ಐಸ್ ಜಾಸ್ತಿಯಾದರೆ ತೂಕ ಜಾಸ್ತಿ, ಆ ತೂಕಕ್ಕೂ ಬಾಡಿಗೆ. ಭಾವ ಈಗ ಲಾರಿ ಹೊರಡುವ ಮೊದಲು ತೋಟದಲ್ಲೇ ಪೆಟ್ಟಿಗೆ ಎಣಿಸಿ, ತೂಗಿ, ಫೋಟೋ ತೆಗೆದು ಫಾರ್ವರ್ಡರ್‌ಗೆ ವಾಟ್ಸಾಪ್ ಮಾಡುತ್ತಾರೆ. ಅವರು ಸರಿ ಅಂದ ಮೇಲೆಯೇ ಲಾರಿ ಹೊರಡುವುದು.