ಆಹಾಜನಿಗೆ ಹೇಳಿದ ಮಾತು ಯೇಸುವಿಗೆ ಹೇಗೆ ಸೇರಿತು?

ಪ್ರಶ್ನೆ: ನಾನು ಬೆಟಗೇರಿಯವಳು. ಧಾರವಾಡದಲ್ಲಿ ಓದುತ್ತಿದ್ದೇನೆ. ಕನ್ಯೆ ಗರ್ಭಿಣಿಯಾಗಿ ಮಗನನ್ನು ಹೆರುವಳು, ಅವನಿಗೆ ಇಮ್ಮಾನುವೇಲ್ ಎಂದು ಹೆಸರಿಡುವರು ಎಂದು ಕ್ರಿಸ್‌ಮಸ್‌ನಲ್ಲಿ ಓದುತ್ತಾರಲ್ಲ, ಆ ಯೆಶಾಯ 7ನೇ ಅಧ್ಯಾಯವನ್ನು ಪೂರ್ತಿ ಓದಿದೆ. ಅದು ಆಹಾಜ ಎಂಬ ರಾಜನಿಗೆ ಆ ಕಾಲದ ಯುದ್ಧದ ಬಗ್ಗೆ ಹೇಳಿದ ಮಾತು. ಹಾಗಾದರೆ ತನ್ನ ಸುವಾರ್ತೆಯಲ್ಲಿ ಅದನ್ನು ಯೇಸುವಿನ ಜನನಕ್ಕೆ ಸೇರಿಸಿದ ಮತ್ತಾಯ ತಪ್ಪು ಮಾಡಿದನಾ? ಭಾನುವಾರ ಚರ್ಚಿನಲ್ಲಿ ಎಲ್ಲರೂ ಸೇರಿ ನಮ್ಮ ನಂಬಿಕೆಯ ಸಾರವಾದ ವಿಶ್ವಾಸಪ್ರಮಾಣ ಹೇಳುವಾಗ ನಾಲಿಗೆ ತಡವರಿಸುತ್ತದೆ.

ಉತ್ತರ: ಪೂರ್ತಿ ಓದಿದ್ದು ಒಳ್ಳೆಯದಾಯಿತು. ನಿಮ್ಮ ಓದು ಸರಿಯಾಗಿಯೇ ಇದೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್ ಧಾರವಾಡಕ್ಕೆ 1837ರಲ್ಲಿ ಬಂತು, ನಿಮ್ಮ ಬೆಟಗೇರಿಗೆ 1841ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಎಷ್ಟೋ ತಲೆಮಾರು ಕ್ರಿಸ್‌ಮಸ್ ಮಾಡಿವೆ. ಆದರೂ ಈ ಒಂದು ವಾಕ್ಯ ಬಿಟ್ಟು ಅದರ ಹಿಂದುಮುಂದಿನದನ್ನು ಓದುವುದು ಬಹಳ ಕಡಿಮೆ. ಹಾಗಾಗಿ ಮಕ್ಕಳು ಬೆಳೆದ ಮೇಲೆ ತಾವೇ ಓದಿಕೊಂಡಾಗ, ದೊಡ್ಡವರು ಏನೋ ಮುಚ್ಚಿಟ್ಟಿದ್ದರು ಅನ್ನಿಸುತ್ತದೆ. ಇದನ್ನು ಸಂಡೇ ಸ್ಕೂಲಿನಲ್ಲೇ ಹೇಳಿಕೊಡಬೇಕು.

ಆಗ ನಡೆದದ್ದು ಇಷ್ಟು. ಕ್ರಿ.ಪೂ. 735ರ ಸುಮಾರು. ದಮಸ್ಕದ ರಾಜ ರೆಚೀನ, ಇಸ್ರಾಯೇಲಿನ ರಾಜ ಪೆಕಹ ಇಬ್ಬರೂ ಸೇರಿ ಯೆರೂಸಲೇಮಿನ ಮೇಲೆ ದಂಡೆತ್ತಿ ಬಂದಿದ್ದರು. ಯೆಹೂದದ ರಾಜ ಆಹಾಜ ನಡುಗಿಹೋಗಿದ್ದ. ಪ್ರವಾದಿ ಯೆಶಾಯ ತನ್ನ ಮಗನನ್ನೂ ಕರೆದುಕೊಂಡು ಹೋಗಿ, ಹೆದರಬೇಡ, ದೇವರಿಂದ ಒಂದು ಗುರುತು ಕೇಳಿಕೋ ಅಂದ. ಆಹಾಜ ಕೇಳಲಿಲ್ಲ. ಅದಕ್ಕೆ ದೇವರೇ ಗುರುತು ಕೊಡುತ್ತಾನೆ ಎಂದು ಆ ಮಗುವಿನ ಮಾತು ಬರುತ್ತದೆ. ಆ ಮಗುವಿಗೆ ಒಳ್ಳೇದು ಕೆಟ್ಟದ್ದು ತಿಳಿಯುವಷ್ಟರಲ್ಲಿ ಆ ಇಬ್ಬರು ರಾಜರ ನಾಡು ಹಾಳಾಗುತ್ತದೆ ಎಂದು 16ನೇ ವಾಕ್ಯ ಹೇಳುತ್ತದೆ. ಹಾಗೇ ಆಯಿತು. ಅಶ್ಶೂರರ ಕೈಗೆ ಕ್ರಿ.ಪೂ. 732ರಲ್ಲಿ ದಮಸ್ಕ ಸಿಕ್ಕಿತು, 722ರ ಹೊತ್ತಿಗೆ ಇಸ್ರಾಯೇಲಿನ ರಾಜಧಾನಿ ಸಮಾರ್ಯವೂ ಬಿತ್ತು. ಏಳು ನೂರು ವರ್ಷದ ಮೇಲೆ ಹುಟ್ಟುವ ಮಗುವಿನ ಸುದ್ದಿಯೊಂದೇ ಆಗಿದ್ದರೆ ಆಹಾಜನಿಗೆ ಅದರಿಂದ ಏನು ಧೈರ್ಯ ಬರುತ್ತಿತ್ತು? ಆ ಮಾತಿಗೆ ಅವನ ಕಾಲದಲ್ಲೇ ಒಂದು ಅರ್ಥವಿತ್ತು. ಅದನ್ನು ಒಪ್ಪಿಕೊಳ್ಳಲು ನಾವು ಹೆದರಬೇಕಿಲ್ಲ.

ಹೀಬ್ರೂವಿನಲ್ಲಿ ಇರುವುದು ಕನ್ಯೆ ಅಲ್ಲ, ಬರೀ ಯುವತಿ ಎಂಬ ವಾದವನ್ನೂ ನೀವು ಕೇಳಿರಬಹುದು. ಮೂಲದ ಪದ ಮದುವೆಯ ವಯಸ್ಸಿನ ಹುಡುಗಿಗೆ ಸಲ್ಲುತ್ತದೆ, ನಿಜ. ಗ್ರೀಕ್‌ನಲ್ಲಿ ಅದನ್ನು ಕನ್ಯೆ ಎಂದು ಮಾಡಿದವರು ಮಾತ್ರ ಕ್ರೈಸ್ತರಲ್ಲ. ಯೇಸುವಿಗಿಂತ ಮುಂಚಿನ ಯೆಹೂದ್ಯರು. ಮತ್ತಾಯ ಬಳಸಿದ್ದು ಆ ಪಾಠವನ್ನು.

ಈಗ ಮತ್ತಾಯನ ವಿಷಯ. ಪ್ರವಾದಿಯ ಮಾತು ನೆರವೇರಿತು ಎಂದು ಅವನು ಬರೆಯುವಾಗ, ಮೊದಲೇ ಬರೆದಿಟ್ಟ ಭವಿಷ್ಯ ಈಗ ಅಕ್ಷರಶಃ ನಡೆಯಿತು ಎಂದಷ್ಟೇ ನಾವು ತಿಳಿಯುತ್ತೇವೆ. ಆದರೆ ಅವನ ಸುವಾರ್ತೆಯ ಮುಂದಿನ ಅಧ್ಯಾಯ ತೆಗೆಯಿರಿ. ಮಗು ಯೇಸುವನ್ನು ಐಗುಪ್ತಕ್ಕೆ ಕರೆದೊಯ್ದದ್ದನ್ನು ಹೇಳುವಾಗ, ‘ನನ್ನ ಮಗನನ್ನು ಐಗುಪ್ತದಿಂದ ಕರೆದೆನು’ ಎಂಬ ಪ್ರವಾದಿ ಹೋಶೇಯನ ಮಾತು ನೆರವೇರಿತು ಅನ್ನುತ್ತಾನೆ. ಹೋಶೇಯ 11:1ರಲ್ಲಿ ಅದು ಭವಿಷ್ಯವೇ ಅಲ್ಲ. ಇಸ್ರಾಯೇಲ್ಯರು ಐಗುಪ್ತದಿಂದ ಹೊರಬಂದ ಹಳೆಯ ನೆನಪು. ಇದು ಮತ್ತಾಯನಿಗೂ ಗೊತ್ತಿತ್ತು, ಅವನ ಯೆಹೂದಿ ಓದುಗರಿಗೂ ಗೊತ್ತಿತ್ತು. ಹಿಂದೆ ದೇವರು ತನ್ನ ಜನಕ್ಕೆ ಮಾಡಿದ್ದು ಈಗ ಈ ಒಬ್ಬನಲ್ಲಿ ತುಂಬಿ ಬಂತು ಎಂದು ಅವನು ಹೇಳುತ್ತಿದ್ದಾನೆ. ನಮ್ಮ ಕಡೆ ಮನೆಯಲ್ಲಿ ಕಷ್ಟ ಬಂದಾಗ ಹಿರಿಯರು ಶರಣರ ವಚನ ನೆನೆದು ‘ಇದು ನಮಗೇ ಹೇಳಿದ್ದು’ ಅನ್ನುತ್ತಾರಲ್ಲ, ಓದುವ ರೀತಿ ಹತ್ತಿರದ್ದೇ. ಆದರೆ ಮತ್ತಾಯ ಇನ್ನೂ ಮುಂದೆ ಹೋಗುತ್ತಾನೆ. ಆ ಮಾತು ತುದಿ ಮುಟ್ಟಿದ್ದೇ ಯೇಸುವಿನಲ್ಲಿ ಎಂಬುದು ಅವನ ನಂಬಿಕೆ. ನನ್ನದೂ ಅದೇ.

ಕನ್ಯಾಜನನದ ನಂಬಿಕೆ ಆ ಯೆಶಾಯನ ವಾಕ್ಯದಿಂದಲೇ ಹುಟ್ಟಿತಾ ಎಂಬುದನ್ನೂ ಕೇಳಿಕೊಳ್ಳಬೇಕು. ನನಗೆ ಹಾಗೆ ಕಾಣುವುದಿಲ್ಲ. ಲೂಕನೂ ಇದೇ ವಿಷಯ ಬರೆದಿದ್ದಾನೆ. ಜನನದ ಕಥೆಯಲ್ಲಿ ಅವನು ಯೆಶಾಯನ ಹೆಸರನ್ನೇ ಎತ್ತುವುದಿಲ್ಲ. ಒಬ್ಬನನ್ನು ನೋಡಿ ಇನ್ನೊಬ್ಬ ಬರೆದಂತೆಯೂ ಇಲ್ಲ. ಮತ್ತಾಯನಲ್ಲಿ ಮೂಡಣ ದೇಶದ ಜ್ಞಾನಿಗಳು, ಲೂಕನಲ್ಲಿ ಕುರುಬರು. ವಂಶಾವಳಿಯೂ ಬೇರೆ. ಆದರೂ ಮರಿಯಳಿಗೆ ಯೋಸೇಫನ ಜೊತೆ ನಿಶ್ಚಯವಾಗಿತ್ತು, ಕೂಡುವ ಮೊದಲೇ ಪವಿತ್ರಾತ್ಮನಿಂದ ಬಸುರಾದಳು ಎಂಬಲ್ಲಿ ಇಬ್ಬರೂ ಒಂದೇ. ಯೇಸುವಿಗಿಂತ ಮುಂಚೆ ಯೆಹೂದ್ಯರು ಈ ವಾಕ್ಯ ಹಿಡಿದು ಕನ್ಯೆಯ ಮಗನಿಗಾಗಿ ಕಾಯುತ್ತಿದ್ದರು ಎಂಬುದಕ್ಕೂ ಆಧಾರವಿಲ್ಲ. ಯಾರೂ ಕೇಳದ ಪ್ರಶ್ನೆಗೆ ಉತ್ತರ ಹೊಂದಿಸಲು ಕಥೆ ಕಟ್ಟುವ ಅಗತ್ಯ ಏನಿತ್ತು? ಸುದ್ದಿ ಮೊದಲು ಬಂತು, ಮತ್ತಾಯ ಆಮೇಲೆ ಹಳೆಯ ಗ್ರಂಥ ಬಿಚ್ಚಿ ನೋಡಿದ. ನನಗೆ ಸರಿ ಕಾಣುವುದು ಈ ಕ್ರಮ. ಇನ್ನೊಂದು ಮಾತು. ಹುಬ್ಬಳ್ಳಿ-ಧಾರವಾಡದಲ್ಲಿ ನಮ್ಮ ಪಕ್ಕದಲ್ಲೇ ಇರುವ ಮುಸ್ಲಿಮರೂ ಮರ್ಯಮ್ ಕನ್ಯೆಯಾಗಿಯೇ ಈಸಾರನ್ನು ಹೆತ್ತರು ಎಂದು ನಂಬುತ್ತಾರೆ. ಕುರಾನಿನ 19ನೇ ಸೂರಾಕ್ಕೆ ಅವರ ಹೆಸರೇ ಇದೆ. ಅಲ್ಲಿ ಯೆಶಾಯನ ವಾಕ್ಯ ಇಲ್ಲ.

ಮಾರ್ಕನ ಸುವಾರ್ತೆಯಲ್ಲಿ ಯೇಸುವಿನ ಜನನದ ಕಥೆಯೇ ಇಲ್ಲ. ಪೌಲ ‘ಸ್ತ್ರೀಯಲ್ಲಿ ಹುಟ್ಟಿದವನು’ ಅಂದು ಮುಂದೆ ಹೋಗುತ್ತಾನೆ. ಇದನ್ನೂ ಮುಚ್ಚಿಡಬಾರದು. ಇತಿಹಾಸ ಇಂಥದ್ದನ್ನು ಹೀಗೇ ನಡೆಯಿತು ಎಂದು ಸಾಬೀತು ಮಾಡಲಾರದು, ಸುಳ್ಳೆಂದೂ ತೋರಿಸಲಾರದು. ಇಲ್ಲಿ ನಂಬಿಕೆ ಬೇಕೇ ಬೇಕು.

ವಿಶ್ವಾಸಪ್ರಮಾಣವನ್ನು ಇನ್ನೊಮ್ಮೆ ನೋಡಿ. ಕನ್ಯೆ ಮರಿಯಳಲ್ಲಿ ಹುಟ್ಟಿದನು ಎಂದು ಅದರಲ್ಲಿದೆ. ಯೆಶಾಯ 7:14ನ್ನು ಇಂತಿಷ್ಟೇ ಅರ್ಥದಲ್ಲಿ ಓದಬೇಕು ಎಂದಿಲ್ಲ. ಆಹಾಜನ ವಿಷಯದಲ್ಲಿ ನಿಮಗೆ ಬಂದ ಅನುಮಾನ ಆ ಸಾಲನ್ನು ಮುಟ್ಟುವುದಿಲ್ಲ. ಜನನದ ಬಗ್ಗೆಯೇ ಅನುಮಾನ ಬಂದರೆ, ಅದು ಮೊದಲು ಬಂದದ್ದು ಯೋಸೇಫನಿಗೆ. ಮರಿಯಳನ್ನು ಗುಟ್ಟಾಗಿ ಬಿಟ್ಟುಬಿಡಬೇಕು ಎಂದು ಅವನು ಯೋಚಿಸಿದ್ದ. ಮತ್ತಾಯ ಅದನ್ನು ಮರೆಮಾಚದೆ ಮೊದಲ ಅಧ್ಯಾಯದಲ್ಲೇ ಬರೆದಿದ್ದಾನೆ. ಹಾಗಾಗಿ ಭಾನುವಾರ ಎಲ್ಲರ ಜೊತೆ ನಿಂತು ನೀವೂ ಹೇಳಿ. ಯೆಶಾಯ 7ರಿಂದ 9ರವರೆಗೆ ಒಂದೇ ಸಲ ಕೂತು ಓದಿ, ಬಂದ ಪ್ರಶ್ನೆಗಳನ್ನು ನಿಮ್ಮ ಪಾಸ್ಟರ್ ಹತ್ತಿರ ಎದುರಿಗೇ ಕೇಳಿ.