ನೀರಲ್ಲೇ ಹೆರಿಗೆ, ಉಸಿರಿಗೆ ಮಾತ್ರ ಮೇಲೆ

ಪಳೆಯುಳಿಕೆ ಪಾಠದ ಮೊದಲ ದಿನ ನಾನು ವಿದ್ಯಾರ್ಥಿಗಳ ಕೈಗೆ ಒಂದು ಬಿಲ್ಲೆ ಕೊಡುತ್ತೇನೆ. ಪ್ಲಾಸ್ಟರಿನಲ್ಲಿ ಅಚ್ಚು ಹೊಯ್ದ ಬೆನ್ನುಮೂಳೆಯ ತುಂಡು. ಎರಡೂ ಮುಖ ತಗ್ಗು, ಒತ್ತಿ ಗಿಡ್ಡ ಮಾಡಿದ ಡಮರುಗದ ಹಾಗೆ. "ಮೀನಿಂದು ಸಾರ್" ಅನ್ನುತ್ತಾರೆ. ಅವರದೇನೂ ತಪ್ಪಲ್ಲ, ಬಂಗುಡೆಯ ಮುಳ್ಳು ಬಿಡಿಸಿದವರಿಗೆ ಹಾಗೇ ಅನಿಸಬೇಕು. ಆದರೆ ಇದು ಇಕ್ಥಿಯೋಸಾರ್‌ನದು. ಸರೀಸೃಪ. ಡೈನೋಸಾರ್ ಕೂಡ ಅಲ್ಲ.

ಇದರ ಹಿರೀಕರು ನೆಲದ ಮೇಲೆ ಓಡಾಡಿಕೊಂಡಿದ್ದವರು. ಸುಮಾರು 25 ಕೋಟಿ ವರ್ಷಗಳ ಹಿಂದೆ ನೀರಿಗಿಳಿದರು. ಕಾಲುಗಳು ದೋಣಿಯ ಹುಟ್ಟಿನಂತಾದವು. ಕಿವಿರು ಮಾತ್ರ ಬರಲೇ ಇಲ್ಲ. ಉಸಿರಿಗಾಗಿ ಮೇಲೆ ಬರಲೇಬೇಕಿತ್ತು.

ಬಾಲದ ಕಥೆ ತಮಾಷೆಯದು. ಸಿಕ್ಕ ಬಹಳಷ್ಟು ಅಸ್ಥಿಪಂಜರಗಳಲ್ಲಿ ಬಾಲದ ಮೂಳೆ ತುದಿಯಲ್ಲಿ ಕೆಳಕ್ಕೆ ಬಾಗಿರುತ್ತಿತ್ತು. ಸತ್ತಮೇಲೆ ಮುರಿದಿರಬೇಕು ಎಂಬ ಅನುಮಾನವಿತ್ತು. 1890ರ ದಶಕದಲ್ಲಿ ಜರ್ಮನಿಯ ಹೋಲ್ಟ್ಸ್‌ಮಾಡೆನ್‌ನ ಕಪ್ಪು ಕಲ್ಲಿನಲ್ಲಿ ಮೈಯ ಅಂಚೇ ಅಚ್ಚೊತ್ತಿದ ಮಾದರಿಗಳು ಸಿಕ್ಕವು. ಬಾಲ ಅರ್ಧಚಂದ್ರದ ಹಾಗಿತ್ತು, ಬಾಗಿದ ಮೂಳೆ ಅದರ ಕೆಳಗಿನ ಎಸಳಿನೊಳಗೆ ಇಳಿದಿತ್ತು. ಡಾಲ್ಫಿನ್ ಬಾಲವನ್ನು ಮೇಲೆ ಕೆಳಗೆ ಬಡಿಯುತ್ತದೆ. ಇದು ಮೀನಿನ ಹಾಗೆ ಆಚೆ ಈಚೆ ಬೀಸುತ್ತಿತ್ತು. ನೆಲದ ಮೇಲೂ ಹಲ್ಲಿ ಬಳುಕುವುದು ಆಚೆ ಈಚೆಯೇ ಅಲ್ವಾ?

ಅದೇ ಹೋಲ್ಟ್ಸ್‌ಮಾಡೆನ್‌ನಲ್ಲಿ ಹೊಟ್ಟೆಯೊಳಗೆ ಪುಟ್ಟ ಅಸ್ಥಿಪಂಜರಗಳಿರುವ, ಇಕ್ಥಿಯೋಸಾರ್‌ಗಳದೇ ಒಂದು ಬಗೆಯಾದ ಸ್ಟೆನಾಪ್ಟೆರಿಜಿಯಸ್‌ಗಳೂ ಸಿಕ್ಕಿವೆ. 18 ಕೋಟಿ ವರ್ಷ ಹಳೆಯವು. ತಾಯಿ ಮರಿಗಳನ್ನೇ ನುಂಗಿತ್ತಾ ಎಂಬ ವಾದ ಬಹಳ ಕಾಲ ನಡೆಯಿತು. ನುಂಗಿದ ಮೂಳೆ ಜಠರದ ಆಮ್ಲಕ್ಕೆ ಸವೆಯುತ್ತದೆ, ಇವು ಸವೆದಿಲ್ಲ. ಜಠರದ ಜಾಗದಲ್ಲಿ ಸಿಗುವುದು ಜಾಸ್ತಿ ಬೊಂಡಾಸದಂಥ ಪ್ರಾಣಿಗಳ ಪುಟ್ಟ ಕೊಕ್ಕೆಗಳು. ಒಂದು ಮಾದರಿಯಲ್ಲಂತೂ ಮರಿ ಬಾಲ ಮುಂದಾಗಿ ಹೊರಬರುತ್ತಿದೆ. ದಡಕ್ಕೆ ಹತ್ತಿ ಮೊಟ್ಟೆಯಿಡಲು ಆಗದ ಮೈ, ಹಾಗಾಗಿ ನೀರಲ್ಲೇ ಹೆರಿಗೆ.

ತಲೆ ಮೊದಲು ಬಂದರೆ ಮರಿ ಉಸಿರುಗಟ್ಟಿ ಸಾಯುತ್ತದೆ, ಅದಕ್ಕೇ ಬಾಲ ಮೊದಲು ಎಂದು ನಾನೂ ವರ್ಷಗಟ್ಟಲೆ ಪಾಠ ಹೇಳಿದ್ದೇನೆ. ಈಗ ಅಷ್ಟು ಗಟ್ಟಿಯಾಗಿ ಹೇಳುವುದಿಲ್ಲ. 2014ರಲ್ಲಿ ಚೀನಾದಿಂದ ಸುಮಾರು 24.8 ಕೋಟಿ ವರ್ಷ ಹಳೆಯ, ಚಾವೊಹುಸಾರಸ್ ಎಂಬ ಆದಿಕಾಲದ ಇಕ್ಥಿಯೋಸಾರ್ ಒಂದರ ವರದಿ ಬಂತು. ಒಂದು ಮರಿ ಹೊಟ್ಟೆಯಲ್ಲಿ, ಒಂದು ಅರ್ಧ ಹೊರಗೆ, ಇನ್ನೊಂದು ಪಕ್ಕದಲ್ಲಿ. ಆ ಅರ್ಧ ಹೊರಬಂದ ಮರಿಯ ತಲೆಯೇ ಮುಂದಿದೆ. ನೆಲದ ಪ್ರಾಣಿಗಳ ಮರಿ ಸಾಮಾನ್ಯವಾಗಿ ತಲೆ ಮುಂದಾಗಿಯೇ ಹುಟ್ಟುತ್ತದೆ. ಹಾಗಾಗಿ ಮರಿ ಹಾಕುವ ರೂಢಿ ನೆಲದ ಮೇಲಿದ್ದಾಗಲೇ ಶುರುವಾಗಿತ್ತು ಎಂಬುದಕ್ಕೆ ಅದೊಂದು ಸುಳಿವು.

ಕಣ್ಣಂತೂ ಅಬ್ಬಾ! ಟೆಮ್ನೊಡಾಂಟೊಸಾರಸ್ ಎಂಬ ದೊಡ್ಡ ಇಕ್ಥಿಯೋಸಾರ್‌ನ ಕಣ್ಣು ಸುಮಾರು 25 ಸೆಂಟಿಮೀಟರ್ ಅಗಲ, ಊಟದ ತಟ್ಟೆಯಷ್ಟು. ಗುಡ್ಡೆಯ ಸುತ್ತ ತೆಳು ಮೂಳೆ ಬಿಲ್ಲೆಗಳ ಉಂಗುರ. ಬೆಳಕು ಕಮ್ಮಿ ಇರುವ ಆಳದಲ್ಲಿ ಬೇಟೆಗೆ ಬೇಕಾಗಿದ್ದು ಇಂಥದೇ.

ನಮ್ಮೂರ ಹೊಲದಲ್ಲಿ ಸಿಕ್ಕಿತು ನೋಡಿ ಸಾರ್, ಎಂದು ವಾಟ್ಸಾಪ್‌ನಲ್ಲಿ ಕಲ್ಲಿನ ಫೋಟೋ ಕಳಿಸುವವರಿದ್ದಾರೆ. ಬೇಜಾರಾಗಬೇಡಿ. ನಮ್ಮ ಹಳೇ ಮೈಸೂರು ಸೀಮೆಯ ಬಂಡೆಗಳಿಗೆ ಇನ್ನೂರು, ಮುನ್ನೂರು ಕೋಟಿ ವರ್ಷ, ಆಗ ಮೂಳೆಯಿರುವ ಜೀವಿಯೇ ಇರಲಿಲ್ಲ. ಉತ್ತರ ಕರ್ನಾಟಕದ ಕಪ್ಪು ಕಲ್ಲು ಲಾವಾದ್ದು, ಸುಮಾರು 6.6 ಕೋಟಿ ವರ್ಷದ್ದು. ಇಕ್ಥಿಯೋಸಾರ್‌ಗಳು ಅಳಿದದ್ದು ಸುಮಾರು 9 ಕೋಟಿ ವರ್ಷಗಳ ಹಿಂದೆ. ನಮ್ಮ ದೇಶದಲ್ಲೇ ನೋಡಬೇಕೆಂದರೆ ಗುಜರಾತಿನ ಕಚ್ಛ್. ಅಲ್ಲಿ ಸಿಕ್ಕ, ಐದೂವರೆ ಮೀಟರ್ ಉದ್ದವಿದ್ದಿರಬಹುದಾದ ಅಸ್ಥಿಪಂಜರದ ವರದಿ 2017ರಲ್ಲಿ ಬಂತು. ಇನ್ನೂ ಹತ್ತಿರ ಬೇಕಾ? ತಮಿಳುನಾಡಿನ ತಿರುಚಿರಾಪಳ್ಳಿ ಸೀಮೆ. ಅಲ್ಲಿ 19ನೇ ಶತಮಾನದಲ್ಲೇ ಬೆನ್ನುಮೂಳೆಯ ಬಿಲ್ಲೆಗಳು ಸಿಕ್ಕಿದ್ದವು. ಎರಡೂ ಮುಖ ತಗ್ಗು, ಥೇಟ್ ಡಮರುಗ.