ಕೋವಿಗೂ ಒಂದು ಜಾತಕ ಇರುತ್ತದೆ

ಮಲೆನಾಡಿನವರಿಗೆ ಇದು ಗೊತ್ತಿರುವ ವಿಷಯ. ಚುನಾವಣೆ ಘೋಷಣೆಯಾಯಿತು ಅಂದರೆ ಲೈಸೆನ್ಸ್ ಕೋವಿಗಳು ಠಾಣೆಗೆ ಜಮಾ ಆಗಬೇಕು. ತೋಟದವರು, ಗದ್ದೆಯವರು ಗೋಣಿಚೀಲದಲ್ಲಿ ಕೋವಿ ಸುತ್ತಿಕೊಂಡು ಬಂದು ಸಾಲಾಗಿ ನಿಲ್ಲುತ್ತಾರೆ. ಅಂಥ ಒಂದು ದಿನ ಬೇರೆ ಕೇಸಿನಲ್ಲಿ ವಶಪಡಿಸಿಕೊಂಡ ಮುದ್ದೆಮಾಲು ನೋಡಲು ನಾನೂ ಒಂದು ಠಾಣೆಯಲ್ಲಿ ಕೂತಿದ್ದೆ. "ಸ್ವಾಮಿ, ರಾತ್ರಿ ಹಂದಿ ಬಂದ್ರೆ ಓಟರ್ ಕಾರ್ಡ್ ತೋರಿಸಿ ಓಡಿಸೋದಾ?" ಅಂತ ಯಾರೋ ಗೊಣಗಿದರು. ಎಲ್ಲರೂ ನಕ್ಕರು. ರೈಟರ್ ಮಾತ್ರ ನಗಲಿಲ್ಲ. ಅವರ ಕೈಯಲ್ಲಿದ್ದ ಒಂಟಿ ನಳಿಕೆಯ ಹಳೇ ಕೋವಿಯ ನಂಬರು ಲೈಸೆನ್ಸ್ ಪುಸ್ತಕದ ನಂಬರಿಗೆ ತಾಳೆಯಾಗುತ್ತಿರಲಿಲ್ಲ.

ಪುಸ್ತಕದಲ್ಲಿ ಕೊನೆಯ ಅಂಕಿ 3. ಕೋವಿಯ ಮೇಲೆ ಸವೆದುಹೋದ ಏನೋ ಒಂದು. ನನ್ನ ಚೀಲದಲ್ಲಿ ಭೂತಗನ್ನಡಿ ಇತ್ತು. ನೋಡಿದೆ. ಅದು 8. ಆ ಕೋವಿ ಯಜಮಾನರ ಅಪ್ಪನ ಕಾಲದ್ದು. ಯಾವುದೋ ಗುಮಾಸ್ತರು ಆಗ ಎಂಟನ್ನು ಮೂರು ಅಂತ ಬರೆದುಬಿಟ್ಟಿದ್ದರು. "ಕೋವಿ ಅದೇ, ಮನೆ ಅದೇ, ತಪ್ಪು ಬರೆದವರು ನಿಮ್ಮವರೇ ಅಲ್ವಾ?" ಎಂದರು ಯಜಮಾನರು. ಮಾತು ಸರಿ. ಆದರೂ ಕಾಗದದ ಪ್ರಕಾರ ಅವರ ಕೈಯಲ್ಲಿದ್ದದ್ದು ಲೈಸೆನ್ಸ್ ಇಲ್ಲದ ಕೋವಿ. ಸರಿಪಡಿಸಲು ನಾಲ್ಕು ತಿಂಗಳು ಪತ್ರ ಓಡಾಡಿತು.

ಬ್ಯಾಲಿಸ್ಟಿಕ್ಸ್, ಅಂದರೆ ಬಂದೂಕು ಮತ್ತು ಗುಂಡು ಪರೀಕ್ಷಿಸುವ ವಿಭಾಗದಲ್ಲಿ ಮೂವತ್ತು ವರ್ಷ ದುಡಿದವನು ನಾನು. ಜಗತ್ತಿನ ಕಳ್ಳ ಬಂದೂಕು ವ್ಯಾಪಾರದ ಬಗ್ಗೆ ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಆ 3 ಮತ್ತು 8. ಸಿನಿಮಾದಲ್ಲಿ ತೋರಿಸುವಂತೆ ಈ ದಂಧೆ ಬರೀ ಕತ್ತಲೆ ಬಂದರಿನಲ್ಲಿ ನಡೆಯುವುದಿಲ್ಲ. ಕಾರ್ಖಾನೆಯಲ್ಲಿ ಹುಟ್ಟುವ ಬಂದೂಕು ಕಾನೂನುಬದ್ಧವಾಗಿಯೇ ಹುಟ್ಟುತ್ತದೆ. ದಾರಿಯಲ್ಲಿ ಎಲ್ಲೋ ಒಂದು ಕಡೆ ಅದು ಕಳ್ಳಮಾಲಾಗುತ್ತದೆ. ಆ 'ಎಲ್ಲೋ' ಸಾಮಾನ್ಯವಾಗಿ ಒಂದು ಕಚೇರಿಯ ಮೇಜು.

ಮೊದಲು ನಂಬರಿನ ವಿಷಯ. 2005ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಬಂದೂಕುಗಳ ಗುರುತು ಮತ್ತು ಪತ್ತೆಗೆ ಒಂದು ಒಪ್ಪಂದವನ್ನು ಅಂಗೀಕರಿಸಿತು. ಪ್ರತಿ ಬಂದೂಕಿಗೂ ತಯಾರಿಸುವಾಗಲೇ ಬೇರೆ ಯಾವುದಕ್ಕೂ ಇಲ್ಲದ ಗುರುತು ಹಾಕಬೇಕು ಎನ್ನುತ್ತದೆ ಅದು. ಅದನ್ನು ನೋಡಿದರೆ ಯಾವ ದೇಶದ ಮಾಲು ಅಂತ ತಿಳಿಯಬೇಕು. ತಯಾರಿಕೆಯ ದಾಖಲೆ ಕನಿಷ್ಠ 30 ವರ್ಷ, ಆಮದು ರಫ್ತಿನಂಥ ಉಳಿದ ದಾಖಲೆ ಕನಿಷ್ಠ 20 ವರ್ಷ ಇರಬೇಕು. ಕೇಳಲು ಚೆನ್ನಾಗಿದೆ. ಆದರೆ ಚೆನ್ನಾಗಿ ಎಣ್ಣೆ ಹಾಕಿಟ್ಟ ಕಲಾಶ್ನಿಕೋವ್ ಅರವತ್ತು ವರ್ಷವಾದರೂ ಹೊಡೆಯುತ್ತದೆ. ಫೈಲಿಗಿಂತ ಬಂದೂಕಿನ ಆಯಸ್ಸು ಜಾಸ್ತಿ. ಅಷ್ಟಕ್ಕೂ ಈ ಒಪ್ಪಂದ ರಾಜಕೀಯ ಮಾತುಕೊಡುವಿಕೆ ಅಷ್ಟೆ, ಕಾನೂನಿನ ಕಟ್ಟುಪಾಡಲ್ಲ.

ನಂಬರು ಉಜ್ಜಿ ಹಾಕಿದರೆ ಏನು ಮಾಡುತ್ತೀರಿ ಅಂತ ಕೇಳುವವರಿದ್ದಾರೆ. ಕಳ್ಳರೂ ಹಾಗೇ ಅಂದುಕೊಳ್ಳುತ್ತಾರೆ. ನೋಟ್‌ಬುಕ್‌ನಲ್ಲಿ ಒತ್ತಿ ಬರೆದರೆ ಕೆಳಗಿನ ಹಾಳೆಯಲ್ಲೂ ಅಚ್ಚು ಮೂಡುತ್ತದಲ್ಲ? ಉಕ್ಕಿನ ಮೇಲೆ ನಂಬರು ಒತ್ತಿದಾಗಲೂ ಹಾಗೇ, ಅದರ ಕೆಳಗಿನ ಲೋಹವೂ ಬಿಗಿದುಕೊಂಡಿರುತ್ತದೆ. ಮೇಲೆ ಅರ ಹಾಕಿ ತೆಗೆದರೂ ಕೆಳಗೆ ಆ ಬಿಗಿ ಉಳಿದಿರುತ್ತದೆ. ಜಾಗವನ್ನು ನುಣುಪು ಮಾಡಿ ಆಸಿಡ್ ಮಿಶ್ರಣ ಸವರಿದರೆ ಬಿಗಿದ ಜಾಗ ಬೇರೆ ರೀತಿ ಕರಗಿ ಅಂಕಿ ನಿಧಾನಕ್ಕೆ ಮೇಲೇಳುತ್ತದೆ. ಕೆಲವೊಮ್ಮೆ ಕೆಲವೇ ಕ್ಷಣ ಕಂಡು ಮಾಯ. ಕ್ಯಾಮೆರಾ ಹಿಡಿದು ಉಸಿರು ಬಿಗಿಹಿಡಿದು ಕಾಯಬೇಕು. ನನ್ನ ಇಡೀ ಕೆಲಸದಲ್ಲಿ ನನಗೆ ಅತ್ಯಂತ ಇಷ್ಟವಾದ ಕ್ಷಣ ಅದು.

ಆದರೆ ಅಂಕಿ ಸಿಕ್ಕ ಮೇಲೆ ಅದನ್ನು ಸರಿಯಾಗಿ ಓದಲೂ ಬರಬೇಕು. ಎಕೆ-47ರ ಹಾಗೇ ಕಾಣುವ ಚೀನಾದ ಟೈಪ್ 56 ಬಂದೂಕನ್ನು ಸುಮ್ನೆ 'ಎಕೆ-47' ಅಂತ ಬರೆದು ರಷ್ಯಾಕ್ಕೆ ಪತ್ರ ಹಾಕಿದರೆ ಉತ್ತರ ಎಲ್ಲಿಂದ ಬರಬೇಕು? ತ್ರಿಕೋನದೊಳಗೆ ಬಾಣವಿದ್ದರೆ ರಷ್ಯಾದ ಇಝೆವ್ಸ್ಕ್, ನಕ್ಷತ್ರವಿದ್ದರೆ ತುಲಾ, ವೃತ್ತದೊಳಗೆ 10 ಇದ್ದರೆ ಬಲ್ಗೇರಿಯಾ. ಈ ಚಿಹ್ನೆ ಬಿಟ್ಟು ಬರೀ ಅಂಕಿ ಬರೆದ ಅರ್ಜಿ ಕಸದ ಬುಟ್ಟಿಗೇ ಸರಿ.

ಈಗ ಆ ಮೇಜಿನ ವಿಷಯಕ್ಕೆ ಬರೋಣ. ಒಂದು ದೇಶ ಬಂದೂಕು ಕೊಳ್ಳುವಾಗ ಮಾರುವ ದೇಶಕ್ಕೆ 'ಅಂತಿಮ ಬಳಕೆದಾರರ ಪ್ರಮಾಣಪತ್ರ' ಕೊಡುತ್ತದೆ. "ಇದು ನಮಗೇ, ಬೇರೆಯವರಿಗೆ ದಾಟಿಸುವುದಿಲ್ಲ" ಎನ್ನುವ ಒಂದು ಹಾಳೆ. ಲೆಟರ್‌ಹೆಡ್, ಸಹಿ, ಮೊಹರು, ಅಷ್ಟೇ. ಕೋಟಿಗಟ್ಟಲೆ ಬೆಲೆಯ ಸರಕು ಆ ಒಂದು ಹಾಳೆಯ ನಂಬಿಕೆಯ ಮೇಲೆ ಹೊರಡುತ್ತದೆ.

ಆ ಹಾಳೆ ಏನು ಮಾಡಬಲ್ಲದು ಅಂತ ನಮ್ಮ ದೇಶ ನೋಡಿದ್ದು 1995ರ ಡಿಸೆಂಬರ್ 17ರ ರಾತ್ರಿ. ಲಾಟ್ವಿಯಾದಲ್ಲಿ ಕೊಂಡ ಒಂದು ಆಂಟೊನೋವ್-26 ವಿಮಾನ ಪಶ್ಚಿಮ ಬಂಗಾಳದ ಪುರುಲಿಯಾ ಜಿಲ್ಲೆಯ ಹಳ್ಳಿಗಳ ಮೇಲೆ ತಗ್ಗಿನಲ್ಲಿ ಹಾರಿ ಪ್ಯಾರಾಚೂಟ್ ಕಟ್ಟಿದ ಪೆಟ್ಟಿಗೆಗಳನ್ನು ಉದುರಿಸಿತು. ಬೆಳಗಾಗುವಾಗ ಹೊಲದಲ್ಲಿ ನೂರಾರು ಎಕೆ-47, ಲಕ್ಷಗಟ್ಟಲೆ ಗುಂಡು. ಮಾಲು ಬಲ್ಗೇರಿಯಾದ ಬುರ್ಗಾಸ್‌ನಿಂದ ಹೊರಟಿತ್ತು. ಕಾಗದದಲ್ಲಿದ್ದ ಗಿರಾಕಿ ಬಾಂಗ್ಲಾದೇಶ. ವಿಮಾನ ಬಾಂಗ್ಲಾದೇಶದಲ್ಲಿ ಇಳಿಯಲೇ ಇಲ್ಲ. ಬದಲಿಗೆ ನಮ್ಮ ವಾರಾಣಸಿಯಲ್ಲಿ ಇಳಿದು ಇಂಧನ ತುಂಬಿಸಿಕೊಂಡು ಹೋಗಿತ್ತು! ಸರಕು ಬೀಳಿಸಿ ಥಾಯ್ಲೆಂಡಿಗೆ ಹೋಗಿ ವಾಪಸು ಬರುವಾಗ ಅದನ್ನು ಮುಂಬೈಯಲ್ಲಿ ಬಲವಂತವಾಗಿ ಇಳಿಸಲಾಯಿತು.

ಬ್ರಿಟನ್‌ನ ಶಸ್ತ್ರಾಸ್ತ್ರ ದಲ್ಲಾಳಿ ಪೀಟರ್ ಬ್ಲೀಚ್ ಮತ್ತು ಐವರು ವಿಮಾನ ಸಿಬ್ಬಂದಿಗೆ 2000ದಲ್ಲಿ ಜೀವಾವಧಿ ಶಿಕ್ಷೆಯಾಯಿತು. ಅದೇ ವರ್ಷ ರಷ್ಯಾದ ಮನವಿಯ ಮೇಲೆ ಸಿಬ್ಬಂದಿಯ ಬಿಡುಗಡೆಯಾಯಿತು. 2004ರಲ್ಲಿ ಬ್ಲೀಚ್ ಕೂಡ ಹೊರಬಂದರು. ಪ್ರಮುಖ ಆರೋಪಿ, 'ಕಿಮ್ ಡೇವಿ' ಎಂಬ ಹೆಸರಿನಲ್ಲಿದ್ದ ಡೆನ್ಮಾರ್ಕಿನ ನೀಲ್ಸ್ ಹೋಲ್ಕ್ ಮುಂಬೈಯಲ್ಲೇ ತಪ್ಪಿಸಿಕೊಂಡವರು. ಅವರನ್ನು ಭಾರತಕ್ಕೆ ಒಪ್ಪಿಸಲು ಡೆನ್ಮಾರ್ಕಿನ ನ್ಯಾಯಾಲಯಗಳು 2011ರಲ್ಲಿ ಒಪ್ಪಲಿಲ್ಲ, 2024ರಲ್ಲೂ ಒಪ್ಪಲಿಲ್ಲ. ಬಂದೂಕು ಸುಲಭವಾಗಿ ಗಡಿ ದಾಟಿತು. ಆರೋಪಿ ದಾಟಲಿಲ್ಲ.

ಇನ್ನೊಂದು ಕಥೆ ಆಫ್ರಿಕಾದ್ದು. 1999ರ ಮಾರ್ಚ್‌ನಲ್ಲಿ ಉಕ್ರೇನ್‌ನಿಂದ 68 ಟನ್ ಶಸ್ತ್ರಾಸ್ತ್ರ ಬುರ್ಕಿನಾ ಫಾಸೋಗೆ ಬಂತು. ಕಾಗದ ಅಸಲಿಯೇ. ಆದರೆ ಸರಕು ಅಲ್ಲಿಂದ ಲಿಯೊನಿಡ್ ಮಿನಿನ್ ಎಂಬ ದಲ್ಲಾಳಿಯ ವಿಮಾನದಲ್ಲಿ ಲೈಬೀರಿಯಾಕ್ಕೆ ದಾಟಿತು. ಲೈಬೀರಿಯಾ ಆಗ ಸಿಯೆರಾ ಲಿಯೋನ್‌ನ ಆರ್‌ಯುಎಫ್ ಬಂಡುಕೋರರಿಗೆ ವಜ್ರ ತಗೊಂಡು ಬಂದೂಕು ಕೊಡುತ್ತಿತ್ತು. 2000ದ ಜುಲೈನಲ್ಲಿ ಮತ್ತೆ 113 ಟನ್, ಅದೂ 50 ಲಕ್ಷ ಗುಂಡು, ಐವರಿ ಕೋಸ್ಟ್‌ನ ಅಬಿಜಾನ್‌ಗೆ ಇಳಿಯಿತು. ಅದೇ ತಿಂಗಳು ಸಿಯೆರಾ ಲಿಯೋನ್‌ನ ಕೈಲಾಹುನ್‌ನಲ್ಲಿ ಆರ್‌ಯುಎಫ್ ಎರಡು ತಿಂಗಳಿಗೂ ಹೆಚ್ಚು ಕಾಲ ಸುತ್ತುವರಿದಿದ್ದ ನಮ್ಮ ಗೂರ್ಖಾ ಸೈನಿಕರನ್ನು 'ಆಪರೇಷನ್ ಖುಕ್ರಿ' ನಡೆಸಿ ಬಿಡಿಸಬೇಕಾಯಿತು. ವಿಶ್ವಸಂಸ್ಥೆಯ ಶಾಂತಿಪಡೆಯಲ್ಲಿದ್ದವರು ಅವರು.

ಮಿನಿನ್ 2000ದ ಆಗಸ್ಟ್‌ನಲ್ಲಿ ಮಿಲಾನ್ ಹತ್ತಿರದ ಹೋಟೆಲಿನಲ್ಲಿ ಸಿಕ್ಕಿಬಿದ್ದ. ಕೋಣೆಯಲ್ಲಿ ಕೊಕೇನ್, ವಜ್ರ, ರಾಶಿ ರಾಶಿ ವ್ಯವಹಾರದ ಕಾಗದ. ಇಷ್ಟು ಸಾಕ್ಷ್ಯ ಸಿಕ್ಕಿದ ಮೇಲೂ ಇಟಲಿಯ ಉನ್ನತ ನ್ಯಾಯಾಲಯ ಹೇಳಿದ್ದೇನು ಗೊತ್ತಾ? ಬಂದೂಕುಗಳು ಇಟಲಿಯ ನೆಲ ಮುಟ್ಟಿಲ್ಲ, ಹಾಗಾಗಿ ಶಸ್ತ್ರಾಸ್ತ್ರ ಸಾಗಾಟದ ಈ ಕೇಸು ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಅಂತ. ದಲ್ಲಾಳಿ ಒಂದು ದೇಶದಲ್ಲಿ ಕೂತಿರುತ್ತಾನೆ, ಮಾಲು ಇನ್ನೊಂದರಲ್ಲಿ, ದುಡ್ಡು ಮೂರನೆಯದರಲ್ಲಿ. ಕಾನೂನು ಇರುವುದು ದೇಶಕ್ಕೊಂದು.

ಈ ತೂತು ಮುಚ್ಚಲು ಪ್ರಯತ್ನಗಳು ಶುರುವಾದದ್ದೂ ಆ ಹೊತ್ತಿನಲ್ಲೇ. 2001ರ ಮೇನಲ್ಲಿ ಬಂದೂಕುಗಳ ಅಕ್ರಮ ತಯಾರಿಕೆ, ಸಾಗಾಟ ತಡೆಯುವ ವಿಶ್ವಸಂಸ್ಥೆಯ ಫೈರ್‌ಆರ್ಮ್ಸ್ ಪ್ರೋಟೊಕಾಲ್ ಬಂತು. ಇದಕ್ಕೆ ಕಾನೂನಿನ ಬಲವಿದೆ. ಭಾರತ 2011ರಲ್ಲಿ ಸೇರಿತು. ಅದರ ನೆರಳು ನಮ್ಮ ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಕಾಣುತ್ತದೆ. ಗುರುತಿಲ್ಲದ ಬಂದೂಕಿನ ಸಾಗಾಟ ಈಗ 'ಅಕ್ರಮ ಸಾಗಾಟ'ದ ವ್ಯಾಖ್ಯೆಯೊಳಗೇ ಬರುತ್ತದೆ, ಶಿಕ್ಷೆ ಕನಿಷ್ಠ ಹತ್ತು ವರ್ಷ. 2001ರ ಜುಲೈನಲ್ಲಿ ನ್ಯೂಯಾರ್ಕಿನಲ್ಲಿ ಎಲ್ಲ ದೇಶಗಳ ಒಂದು ಕ್ರಿಯಾಯೋಜನೆಯೂ ಆಯಿತು. ಅದು ಹೆಚ್ಚಾಗಿ ವರದಿ ಬರೆಯುವ ಕೆಲಸ.

ಹೆಸರು ಮಾಡಿದ್ದು ದೇಶ ದೇಶಗಳ ನಡುವಿನ ಶಸ್ತ್ರ ಮಾರಾಟಕ್ಕೆ ನಿಯಮ ಹಾಕುವ ಶಸ್ತ್ರಾಸ್ತ್ರ ವ್ಯಾಪಾರ ಒಪ್ಪಂದ. 2013ರ ಏಪ್ರಿಲ್ 2ರಂದು ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಅದರ ಪರವಾಗಿ 154 ಮತ, ವಿರುದ್ಧ 3 ಮತ. ಇರಾನ್, ಉತ್ತರ ಕೊರಿಯಾ, ಸಿರಿಯಾ ವಿರೋಧಿಸಿದವು. 23 ದೇಶಗಳು ಮತ ಹಾಕದೆ ಸುಮ್ಮನಿದ್ದವು, ಅದರಲ್ಲಿ ಭಾರತವೂ ಒಂದು. ಮಾರುವವರ ಕೈಗೇ ಎಲ್ಲ ಅಧಿಕಾರ ಕೊಟ್ಟು ಕೊಳ್ಳುವವರ ಮೇಲೆ ಭಾರ ಹಾಕಲಾಗಿದೆ, ಉಗ್ರರ ಕೈಗೆ ಶಸ್ತ್ರ ಹೋಗುವುದನ್ನು ಗಟ್ಟಿಯಾಗಿ ತಡೆದಿಲ್ಲ ಎಂಬುದು ನಮ್ಮ ತಕರಾರು. ಪುರುಲಿಯಾ ಕಂಡ ದೇಶ ಹೀಗೆ ಹೇಳುವುದು ಸಹಜವೇ. ಆದರೂ ನನಗೆ ಒಳಗಿದ್ದು ಜಗಳವಾಡಬಹುದಿತ್ತು ಅನಿಸುತ್ತದೆ. ಚೀನಾ 2020ರಲ್ಲಿ ಸೇರಿಕೊಂಡಿದೆ. ಸಹಿ ಹಾಕಿದ್ದ ಅಮೆರಿಕ 2019ರಲ್ಲಿ ಹಿಂದೆ ಸರಿಯುವುದಾಗಿ ಹೇಳಿತು.

ಇದಕ್ಕಿಂತ ನನಗೆ ಭರವಸೆ ಕೊಡುವುದು ಜರ್ಮನಿಯ ಒಂದು ಸಣ್ಣ ಕ್ರಮ. ಮಾರಿದ ಬಂದೂಕು ಹೇಳಿದ ಜಾಗದಲ್ಲೇ ಇದೆಯಾ ಅಂತ ಅವರು ಹೋಗಿ ನೋಡುತ್ತಾರೆ. 2017ರಲ್ಲಿ ಇಂಥ ಮೊದಲ ತಪಾಸಣೆ ನಡೆದದ್ದು ಭಾರತದಲ್ಲೇ. ಕಪಾಟು ತೆಗೆಸಿ ನಂಬರು ಓದುವುದು, ನಮ್ಮ ಠಾಣೆಯ ರೈಟರ್ ಮಾಡುವ ಕೆಲಸವೇ! ಅದೂ ಸಾಕಾಗುವುದಿಲ್ಲ ಎನ್ನಿ. ಐಎಸ್ ಉಗ್ರರ ಶಸ್ತ್ರಗಳ ಮೂಲ ಹುಡುಕಿದ ತನಿಖಾ ಸಂಸ್ಥೆಯೊಂದು, ಯುರೋಪಿನಲ್ಲಿ ತಯಾರಾಗಿ ಅಮೆರಿಕಕ್ಕೆ ಮಾರಾಟವಾದ ಕ್ಷಿಪಣಿಯೊಂದು ಕಾರ್ಖಾನೆ ಬಿಟ್ಟ ಎರಡೇ ತಿಂಗಳಲ್ಲಿ ಇರಾಕಿನಲ್ಲಿ ಉಗ್ರರ ಕೈ ಸೇರಿತ್ತು ಎಂದು 2017ರಲ್ಲಿ ವರದಿ ಮಾಡಿತು. ಎರಡು ತಿಂಗಳಲ್ಲಿ ನಮ್ಮಲ್ಲಿ ಒಂದು 8 ಕೂಡ ಸರಿಹೋಗಿರಲಿಲ್ಲ.

ಗುಂಡಿನ ವಿಷಯವಂತೂ ಬಹಳ ಕಾಲ ಯಾರಿಗೂ ಬೇಡವಾಗಿತ್ತು. ಬಂದೂಕು ಇದ್ದೂ ಗುಂಡಿಲ್ಲದಿದ್ದರೆ ಅದು ದೊಣ್ಣೆ. ಕಾಡತೂಸಿನ ಹಿಂಬದಿಯಲ್ಲಿ ಸಾಮಾನ್ಯವಾಗಿ ಕಾರ್ಖಾನೆಯ ಸಂಕೇತ, ವರ್ಷ ಇರುತ್ತವೆ, ಒಂದೊಂದಕ್ಕೂ ಬೇರೆ ನಂಬರು ಇರುವುದಿಲ್ಲ. ಗುಂಡಿಗೆಂದೇ ಜಾಗತಿಕ ಚೌಕಟ್ಟೊಂದು ಒಪ್ಪಿಗೆಯಾದದ್ದು 2023ರಲ್ಲಿ.

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ಮನೆಬಾಗಿಲಿನ ಮಾತನ್ನೂ ಹೇಳಬೇಕು. ಧಾರವಾಡದಲ್ಲಿ 2015ರಲ್ಲಿ ಎಂ.ಎಂ. ಕಲಬುರ್ಗಿ, ಬೆಂಗಳೂರಿನಲ್ಲಿ 2017ರಲ್ಲಿ ಗೌರಿ ಲಂಕೇಶ್ ಹತ್ಯೆಯಾದರು. ಎರಡಕ್ಕೂ ಬಳಸಿದ್ದು 7.65 ಎಂಎಂ ಅಳತೆಯ ಒಂದೇ ನಾಡ ಪಿಸ್ತೂಲು ಎಂದು ವಿಧಿವಿಜ್ಞಾನ ಪರೀಕ್ಷೆ ಹೇಳಿತು. ಹಾಗೆ ಹೇಳಲು ನೆರವಾದದ್ದು ಗುಂಡು ಮತ್ತು ಖಾಲಿ ಕಾಡತೂಸಿನ ಮೇಲೆ ಪಿಸ್ತೂಲು ಬಿಟ್ಟ ಗೀರುಗಳು, ಯಾವ ದೇಶದ ರಿಜಿಸ್ಟರೂ ಅಲ್ಲ. ಕುಲುಮೆಯಲ್ಲಿ ಹುಟ್ಟುವ ನಾಡ ಪಿಸ್ತೂಲಿಗೆ ಕಾರ್ಖಾನೆಯಿಲ್ಲ, ಪ್ರಮಾಣಪತ್ರವಿಲ್ಲ. ನ್ಯೂಯಾರ್ಕ್, ಜಿನೀವಾದ ಕಾಗದಗಳಿಗೆ ಅದು ಸಿಗುವುದೇ ಇಲ್ಲ.

ಗುರುತು ಇರುವುದೇ ಇಲ್ಲ ಅಂತಲ್ಲ, ಇರುತ್ತದೆ. ನಿವೃತ್ತಿಗೆ ಸ್ವಲ್ಪ ಮುಂಚೆ ಇಂಥದ್ದೊಂದು ಪಿಸ್ತೂಲು ಪರೀಕ್ಷೆಗೆ ಬಂತು. ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ 'ಮೇಡ್ ಇನ್ ಯುಎಸ್‌ಎ' ಅಂತ ಒತ್ತಿದ್ದರು, ಎಸ್ ಅಕ್ಷರ ತಿರುಗಾಮುರುಗಾ. ಹೊಸದಾಗಿ ಸೇರಿದ್ದ ಹುಡುಗ ಫಾರಂನ 'ತಯಾರಿಸಿದ ದೇಶ' ಎಂಬ ಕಾಲಂನಲ್ಲಿ ಶ್ರದ್ಧೆಯಿಂದ ಅಮೆರಿಕ ಅಂತ ತುಂಬಿದ್ದ. "ಸಾರ್, ಅದರ ಮೇಲೇ ಬರೆದಿದೆಯಲ್ಲಾ" ಎಂದ. ಭೂತಗನ್ನಡಿ ಅವನ ಕೈಗೆ ಕೊಟ್ಟು ಇನ್ನೊಂದು ಸಲ ನೋಡು ಮಾರಾಯ ಎಂದೆ.